ಲಿವರ್ ಫ್ಲೂಕ್ ಹುಳು ಉದುರಿಸುವ ವೆಸಿಕಲ್‌ಗಳನ್ನು ಬೇರ್ಪಡಿಸಿ ಆತಿಥೇಯ ಜೀವಕೋಶದ ಮೇಲೆ ಪರೀಕ್ಷಿಸುವುದು: ಸಣ್ಣ ಪ್ರಯೋಗಾಲಯಗಳಿಗೆ ಹಂತ ಹಂತದ ಮಾರ್ಗದರ್ಶಿ

ಕಳೆದ ಎರಡು ಮಳೆಗಾಲಗಳಲ್ಲಿ ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ನನಗೆ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿವೆ. ಪರೋಪಜೀವಿಯನ್ನು ದ್ರವದಲ್ಲಿ ಇಟ್ಟು, ಆ ದ್ರವದಿಂದ ವೆಸಿಕಲ್ ಎಂಬ ಸೂಕ್ಷ್ಮ ಚೀಲಗಳನ್ನು ಬೇರ್ಪಡಿಸಿ, ಅವನ್ನು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಜೀವಕೋಶಗಳ ಮೇಲೆ ಹಾಕಿದಾಗ ಒಮ್ಮೆ ಪ್ರಬಲ ಪರಿಣಾಮ ಕಾಣುತ್ತದೆ, ಮುಂದಿನ ಸಲ ಏನೂ ಕಾಣುವುದಿಲ್ಲ, ಮೂರನೆಯ ಸಲ ಏನನ್ನೂ ಹಾಕದ ಬಾವಿಯಲ್ಲಿಯೇ (ಜೀವಕೋಶ ಬೆಳೆಸುವ ತಟ್ಟೆಯ ಗುಳಿಯಲ್ಲಿಯೇ) ಪರಿಣಾಮ ಕಾಣುತ್ತದೆ. ಹೀಗೆ ಬರೆದವರಲ್ಲಿ ಬಹುತೇಕರು ತಮ್ಮಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ (ಅತಿವೇಗದಲ್ಲಿ ತಿರುಗಿಸಿ ಸೂಕ್ಷ್ಮ ಕಣಗಳನ್ನು ತಳಕ್ಕಿಳಿಸುವ ಯಂತ್ರ) ಇಲ್ಲದಿರುವುದೇ ಕಾರಣವೆಂದು ನಂಬಿದ್ದಾರೆ. ನನ್ನ ಅನುಭವ ಬೇರೆಯೇ ಇದೆ: ಕೆಲಸ ಕೆಡುವುದು ಯಂತ್ರದ ಬಳಿಗೆ ಹೋಗುವುದಕ್ಕೆ ಬಹಳ ಮುಂಚೆ, ಕಸಾಯಿಖಾನೆಯಿಂದ ಪ್ರಯೋಗಾಲಯಕ್ಕೆ ಬರುವ ದಾರಿಯಲ್ಲಿ ಮತ್ತು ಹುಳುವನ್ನು ತೊಳೆಯುವ ಬಟ್ಟಲಿನಲ್ಲಿ. ಆದ್ದರಿಂದ ಈ ಬರಹದಲ್ಲಿ ಆರಂಭದ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಆರಂಭಿಸುವ ಮುನ್ನ: ಯಾವ ಪ್ರಶ್ನೆಗೆ ಈ ಕ್ರಮ?

ಲೀಶ್ಮೇನಿಯಾ, ಟ್ರಿಪನೊಸೋಮಾ ಕ್ರೂಜಿ ಮುಂತಾದ ಏಕಕೋಶ ಪರೋಪಜೀವಿಗಳು ಆತಿಥೇಯ (ಅವು ಆಶ್ರಯಿಸಿದ ಪ್ರಾಣಿಯ) ಜೀವಕೋಶದ ಒಳಗೇ ಸೇರಿ ಬದುಕುತ್ತವೆ. ಅವು ಉದುರಿಸುವ ವೆಸಿಕಲ್‌ಗಳು ಜೀವಕೋಶವನ್ನು ಮೊದಲೇ ಬದಲಿಸಿ, ಹಿಂದೆ ಬರುವ ಪರೋಪಜೀವಿಯ ಪ್ರವೇಶವನ್ನೋ ಉಳಿವನ್ನೋ ಸುಲಭಗೊಳಿಸುತ್ತವೆಯೇ ಎಂಬುದು ಅಲ್ಲಿನ ಪ್ರಶ್ನೆ. ಹಾಗಾಗಿ ಅಲ್ಲಿ ಎಣಿಸುವುದು ಸೋಂಕಿತ ಜೀವಕೋಶಗಳ ಪ್ರಮಾಣವನ್ನು. ಲಿವರ್ ಫ್ಲೂಕ್ ಹಾಗಲ್ಲ. ಅದು ಪಿತ್ತನಾಳದಲ್ಲಿ, ಜೀವಕೋಶಗಳ ಹೊರಗೆ ಇರುತ್ತದೆ. ಆದರೆ ಅದರ ವೆಸಿಕಲ್‌ಗಳು ಜೀವಕೋಶದ ಒಳಗೆ ಹೋಗುತ್ತವೆ. ಲಿವರ್ ಫ್ಲೂಕ್‌ನ ಒಂದು ಜಾತಿಯಾದ ಫ್ಯಾಸಿಯೋಲಾ ಹೆಪಾಟಿಕಾ ಸೇರಿರುವ ಟ್ರೆಮಟೋಡ್ ಗುಂಪಿನ ಹುಳುಗಳ ವೆಸಿಕಲ್‌ಗಳನ್ನು ಇಲಿಯ ಕರುಳಿನ ಜೀವಕೋಶಗಳು ಒಳಗೆಳೆದುಕೊಳ್ಳುತ್ತವೆ ಎಂಬುದು 2012ರಲ್ಲಿಯೇ ಪ್ರಕಟವಾಗಿದೆ. ಏಕಕೋಶ ಪರೋಪಜೀವಿಯ ಪ್ರಯೋಗಕ್ರಮವನ್ನು ನಕಲು ಮಾಡಿ ಫ್ಲೂಕ್ ಕೆಲಸದಲ್ಲಿ 'ಸೋಂಕಿನ ಶೇಕಡಾವಾರು' ಎಂಬ ಕಾಲಂ ಬರೆದುಕೊಂಡ ಪ್ರಬಂಧ ಪ್ರಸ್ತಾವನೆಗಳನ್ನು ನಾನು ನೋಡಿದ್ದೇನೆ. ಫ್ಲೂಕ್ ಕೆಲಸದಲ್ಲಿ ಅಳೆಯಬೇಕಾದವು ಎರಡೇ: ವೆಸಿಕಲ್ ಜೀವಕೋಶದ ಒಳಗೆ ಹೋಯಿತೇ, ಹೋದ ಮೇಲೆ ಜೀವಕೋಶದ ನಡವಳಿಕೆ ಬದಲಾಯಿತೇ.

ಫ್ಲೂಕನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿದೆ. ಭತ್ತದ ಗದ್ದೆ, ಜೌಗು ನೆಲ ಮತ್ತು ಲಿಮ್ನಿಯಾ ಜಾತಿಯ ಬಸವನಹುಳು ಇರುವ ಕಡೆ ಈ ಹುಳು ಇರುತ್ತದೆ, ಬರಿಗಣ್ಣಿಗೆ ಕಾಣುತ್ತದೆ, ವರ್ಷಗಟ್ಟಲೆ ಸಾಕಬೇಕಾಗಿಲ್ಲ. ಭಾರತದ ಹಿಮಾಲಯೇತರ ಪ್ರದೇಶಗಳಲ್ಲಿ ಮುಖ್ಯವಾಗಿ ಸಿಗುವುದು ಇನ್ನೊಂದು ಜಾತಿಯಾದ ಫ್ಯಾಸಿಯೋಲಾ ಜೈಗ್ಯಾಂಟಿಕಾ, ಮತ್ತು ಈ ಮಾರ್ಗದರ್ಶಿ ಅದಕ್ಕೇ ಬರೆದದ್ದು.

ಕೈಯಲ್ಲಿರಬೇಕಾದ ಸಾಮಗ್ರಿ

ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್ ಎರಡು, ಮೊಂಡು ತುದಿಯ ಚಿಮ್ಮಟ, 37 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರ್, 15,000 ಜಿ (ಗುರುತ್ವದ ಎಷ್ಟು ಪಟ್ಟು ಬಲ ಎಂಬ ಅಳತೆ) ವರೆಗೆ ತಿರುಗುವ ಶೀತಲೀಕೃತ ಸೆಂಟ್ರಿಫ್ಯೂಜ್, 0.22 ಮೈಕ್ರೋಮೀಟರ್ ಫಿಲ್ಟರ್‌ಗಳು, 100 ಕಿಲೋಡಾಲ್ಟನ್‌ನ ಅಲ್ಟ್ರಾಫಿಲ್ಟರ್, ಕಣಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಸೆಫರೋಸ್ ಸಿಎಲ್-2ಬಿ ತುಂಬಿದ 10 ಮಿ.ಲೀ. ಕಾಲಂ, ಪ್ರೋಟೀನ್ ಅಂಟದ ಕೊಳವೆಗಳು ಮತ್ತು ಮೈನಸ್ 80 ಡಿಗ್ರಿಯ ಫ್ರೀಜರ್. ದ್ರವಗಳಲ್ಲಿ ಪಿಬಿಎಸ್ (ಫಾಸ್ಫೇಟ್ ಬಫರ್ ಇರುವ ಉಪ್ಪಿನ ದ್ರಾವಣ) ಮತ್ತು ಸೀರಂ ಇಲ್ಲದ ಆರ್‌ಪಿಎಂಐ 1640 ಎಂಬ ಪೋಷಕ ಮಾಧ್ಯಮ ಮುಖ್ಯವಾದವು. ಕೊನೆಯ ಫ್ರೀಜರ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಜಿಲ್ಲಾ ಮಟ್ಟದ ಕಾಲೇಜೊಂದರಲ್ಲಿ ಹೊಂದಿಸಬಹುದಾದದ್ದೇ.

ಪಿಬಿಎಸ್ ದ್ರಾವಣವನ್ನು ತಯಾರಿಸಿದ ದಿನವೇ 0.22 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಬೇಕು. ಸೋಸದ ಪಿಬಿಎಸ್‌ನಲ್ಲಿ ತೇಲುವ ಉಪ್ಪಿನ ಮತ್ತು ಧೂಳಿನ ಕಣಗಳನ್ನು ಕಣ ಎಣಿಸುವ ಯಂತ್ರ ವೆಸಿಕಲ್ ಎಂದೇ ಲೆಕ್ಕ ಹಾಕುತ್ತದೆ. ಇನ್ನೊಂದು ಮಾತು ನೀರಿನ ಬಗ್ಗೆ: ನಮ್ಮ ಕಡೆ ತೊರೆ ಮತ್ತು ಬಾವಿಯ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ, ಅದರಿಂದ ಇಳಿಸಿದ ಭಟ್ಟಿನೀರನ್ನು ವಾರಗಟ್ಟಲೆ ಕ್ಯಾನಿನಲ್ಲಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಸ್ತು) ಸೇರುತ್ತದೆ. ಆಟೊಕ್ಲೇವ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆಯೇ ಹೊರತು ಎಂಡೋಟಾಕ್ಸಿನ್ ನಾಶವಾಗುವುದಿಲ್ಲ. ಗಾಜಿನ ಸಾಮಾನನ್ನು 250 ಡಿಗ್ರಿಯ ಒಣ ಶಾಖದಲ್ಲಿ ಕನಿಷ್ಠ 30 ನಿಮಿಷ ಇಡಿ. ಜೀವಕೋಶಕ್ಕೆ ತಗಲುವ ದ್ರವಗಳಿಗೆ ಇಂಜೆಕ್ಷನ್ ದರ್ಜೆಯ ನೀರನ್ನೇ ಬಳಸಿ.

ಹಂತ 1: ಕಂಟ್ರೋಲ್‌ಗಳನ್ನು ಮೊದಲು ಬರೆದಿಡಿ

ಕಂಟ್ರೋಲ್ ಎಂದರೆ ಹೋಲಿಕೆಗೆಂದು ಇಡುವ ಮಾದರಿ. ಇದನ್ನು ಎಲ್ಲರೂ ಕೊನೆಗೆ ಮಾಡುತ್ತಾರೆ, ಅಷ್ಟರಲ್ಲಿ ಬೇಕಾದ ದ್ರವವೇ ಮುಗಿದಿರುತ್ತದೆ. ಹುಳು ತರುವ ಹಿಂದಿನ ದಿನವೇ ಈ ಐದು ಕೊಳವೆಗಳಿಗೆ ಚೀಟಿ ಅಂಟಿಸಿ ಇಟ್ಟುಕೊಳ್ಳಬೇಕು. ಒಂದು, ಹುಳುವಿಲ್ಲದೆ ಅಷ್ಟೇ ಹೊತ್ತು ಇನ್‌ಕ್ಯುಬೇಟರ್‌ನಲ್ಲಿದ್ದು ಎಲ್ಲ ಹಂತಗಳನ್ನೂ ಹಾದುಬಂದ ಖಾಲಿ ಮಾಧ್ಯಮ. ಎರಡು, ವೆಸಿಕಲ್ ತೆಗೆದ ಮೇಲೆ ಉಳಿದ ದ್ರವ. ಮೂರು, ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿ ಪೊರೆ ಒಡೆದ ವೆಸಿಕಲ್. ನಾಲ್ಕು, ವೆಸಿಕಲ್ ಇಲ್ಲದೆ ಬಣ್ಣ (ಹಂತ 9ರಲ್ಲಿ ಬಳಸುವ ಹೊಳೆಯುವ ಬಣ್ಣ) ಮಾತ್ರ ಹಾಕಿದ ಪಿಬಿಎಸ್. ಐದು, ಹುಳುವನ್ನು ಕೊನೆಯ ಸಲ ತೊಳೆದ ಪಿಬಿಎಸ್.

ಐದನೆಯದನ್ನು ಯಾರೂ ಇಡುವುದಿಲ್ಲ. ಆದರೆ ವೆಸಿಕಲ್‌ಗಳು ಹುಳುವಿನದೋ ಪಿತ್ತರಸದಿಂದ ಬಂದವೋ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲದ್ದು ಅದೊಂದೇ. ಪಿತ್ತರಸದಲ್ಲಿ ಆತಿಥೇಯ ಪ್ರಾಣಿಯದೇ ವೆಸಿಕಲ್‌ಗಳು ಸಾಕಷ್ಟು ಇರುತ್ತವೆ; ಅವುಗಳ ಗಾತ್ರವೂ ಸಾಂದ್ರತೆಯೂ ಹುಳುವಿನ ವೆಸಿಕಲ್‌ನಂತೆಯೇ ಇರುವುದರಿಂದ ಮುಂದಿನ ಯಾವ ಯಂತ್ರವೂ ಅವನ್ನು ಬೇರೆ ಮಾಡಿಕೊಡುವುದಿಲ್ಲ.

ಹಂತ 2: ಹುಳು ಸಂಗ್ರಹ

ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಹಸು, ಎತ್ತು, ಹೋರಿ, ಕರು ಹಾಗೂ 13 ವರ್ಷಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ, ಕೋಣಗಳ ವಧೆಗೆ ಅವಕಾಶವಿಲ್ಲ. ಆದ್ದರಿಂದ ಕಾನೂನುಬದ್ಧವಾಗಿ ನಿಮಗೆ ಸಿಗುವುದು ಕುರಿ, ಆಡು ಮತ್ತು ವಯಸ್ಸಾದ ಎಮ್ಮೆಯ ಪಿತ್ತಜನಕಾಂಗ. ಪರವಾನಗಿ ಇರುವ ಸ್ಥಳದಿಂದ, ಪಶುವೈದ್ಯಾಧಿಕಾರಿಗಳಿಗೆ ತಿಳಿಸಿ, ಲಿಖಿತ ಒಪ್ಪಿಗೆಯೊಂದಿಗೆ ಪಡೆಯಿರಿ ಮತ್ತು ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೂ ಮೊದಲೇ ಬರೆದು ತಿಳಿಸಿ. ಕೊಡಗಿನಲ್ಲಿ ಹಂದಿ ಮಾಂಸದ ಅಂಗಡಿ ಊರಿಗೊಂದು ಇದ್ದರೂ ಈ ಕೆಲಸಕ್ಕೆ ಅದರಿಂದ ಪ್ರಯೋಜನವಿಲ್ಲ.

ಪಿತ್ತನಾಳವನ್ನು ಉದ್ದಕ್ಕೆ ಸೀಳಿ, ಹುಳುವನ್ನು ಚಿಮ್ಮಟದಿಂದ ಎಳೆಯದೆ, ನಾಳವನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತಿ ಹೊರಡಿಸಬೇಕು. ಎಳೆದರೆ ಅದರ ಮೇಲ್ಪೊರೆ ಹರಿಯುತ್ತದೆ. ಹರಿದ ಪೊರೆಯ ಚೂರುಗಳು ತಾವೇ ದುಂಡಗೆ ಮುಚ್ಚಿಕೊಂಡು ವೆಸಿಕಲ್‌ನಂತೆ ಕಾಣುತ್ತವೆ. ಹುಳುವನ್ನು ಗುರುತಿಸುವಲ್ಲಿ ಒಂದು ಎಚ್ಚರ ಬೇಕು. ಫ್ಯಾಸಿಯೋಲಾ ಜೈಗ್ಯಾಂಟಿಕಾ ಎಲೆಯಂತೆ ಚಪ್ಪಟೆಯಾಗಿ 25ರಿಂದ 75 ಮಿ.ಮೀ. ಉದ್ದವಿರುತ್ತದೆ. ಎಮ್ಮೆಯ ಪಿತ್ತನಾಳದಲ್ಲಿ ಎಕ್ಸ್‌ಪ್ಲಾನೇಟಮ್ ಎಂಬ ಇನ್ನೊಂದು ಬಗೆಯ ಹುಳುವೂ ಇರಬಹುದು. ಅದು ಚಿಕ್ಕದು, ದಪ್ಪ, ಶಂಕುವಿನಾಕಾರದ್ದು. ಎರಡನ್ನೂ ಒಂದೇ ಬಟ್ಟಲಿಗೆ ಹಾಕಿದ ದಿನ ಆ ಇಡೀ ಸಂಗ್ರಹವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಸಾಗಣೆಯಲ್ಲಿ ಮಾಡುವ ತಪ್ಪು ನಮ್ಮ ಊರಿನ ಹವೆಗೆ ಸಂಬಂಧಿಸಿದ್ದು. ಮಾದರಿ ಎಂದ ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬೇಕು ಎಂಬ ಅಭ್ಯಾಸ ಎಲ್ಲರಿಗೂ ಇದೆ. ಆದರೆ ಇದು ಜೀವಂತ ಹುಳು, ಪ್ರಾಣಿಯ ಮೈಬಿಸಿಯಲ್ಲಿ ಬದುಕುವಂಥದ್ದು. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್ ದಾರಿಯನ್ನು ಜುಲೈ ತಿಂಗಳಿನ ಥಂಡಿಯಲ್ಲಿ, ಬರಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದರೂ ಹುಳು ಸೆಟೆದುಕೊಂಡಿರುತ್ತದೆ, ಮಂಜುಗಡ್ಡೆಯ ಮಾತು ಹಾಗಿರಲಿ. ತೋಟದ ಕೆಲಸಕ್ಕೆ ಕಾಫಿ ಒಯ್ಯುವ ಅಗಲ ಬಾಯಿಯ ಫ್ಲಾಸ್ಕ್‌ನಂಥ ಹೊಸದೊಂದನ್ನು ಕೊಂಡು, 38 ಡಿಗ್ರಿಗೆ ಬಿಸಿ ಮಾಡಿದ ಪಿಬಿಎಸ್‌ನಲ್ಲಿ ಹುಳುವನ್ನು ತರಬೇಕು. ಎರಡನೆಯ ಫ್ಲಾಸ್ಕ್‌ನಲ್ಲಿ ಬದಲಿ ಪಿಬಿಎಸ್ ಇರಲಿ, ಅರ್ಧ ದಾರಿಯಲ್ಲಿ ದ್ರವ ಕೆಂಪಾದರೆ ಬದಲಾಯಿಸಲು. ಪ್ರಾಣಿಯ ವಧೆಯಿಂದ ಪ್ರಯೋಗಾಲಯದ ಇನ್‌ಕ್ಯುಬೇಟರ್‌ವರೆಗೆ ಎರಡು ಗಂಟೆ ಮೀರಬಾರದೆಂಬುದು ನಾನು ಇಟ್ಟುಕೊಂಡ ಮಿತಿ.

ಈ ಹಂತದುದ್ದಕ್ಕೂ ಕೈಗವಸು ಕಡ್ಡಾಯ. ಪಿತ್ತಜನಕಾಂಗದಲ್ಲಿರುವ ಬೆಳೆದ ಫ್ಲೂಕ್‌ನಿಂದ ನೇರವಾಗಿ ನಿಮಗೆ ಸೋಂಕು ತಗಲುವುದಿಲ್ಲ. ಆದರೆ ಅದೇ ರಕ್ತ ಮತ್ತು ಅಂಗಾಂಶದಲ್ಲಿ ಮನುಷ್ಯರಿಗೂ ರೋಗ ತರುವ ಬ್ರುಸೆಲ್ಲಾ, ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇರಬಹುದು.

ಹಂತ 3: ತೊಳೆಯುವುದು

ಇಡೀ ಕೆಲಸ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಹುಳುವಿನ ಮೈಗೆ ಪಿತ್ತರಸ ಅಂಟಿರುತ್ತದೆ, ಹೊಟ್ಟೆಯೊಳಗೆ ಜೀರ್ಣವಾಗುತ್ತಿರುವ ರಕ್ತ ಇರುತ್ತದೆ, ಎರಡರಲ್ಲೂ ಬ್ಯಾಕ್ಟೀರಿಯಾ ಇರಬಹುದು. ಗ್ರಾಂ-ಋಣ ಬ್ಯಾಕ್ಟೀರಿಯಾಗಳೂ ತಮ್ಮ ಹೊರಪೊರೆಯಿಂದ ಇದೇ ಗಾತ್ರದ ವೆಸಿಕಲ್‌ಗಳನ್ನು ಉದುರಿಸುತ್ತವೆ, ಮತ್ತು ಅವುಗಳ ತುಂಬ ಮ್ಯಾಕ್ರೋಫೇಜನ್ನು ಕೆರಳಿಸುವ ಎಲ್‌ಪಿಎಸ್ (ಮೇಲೆ ಹೇಳಿದ ಎಂಡೋಟಾಕ್ಸಿನ್) ಇರುತ್ತದೆ. ನೀವು ಫ್ಲೂಕ್‌ನ ಪರಿಣಾಮವೆಂದು ಬರೆದದ್ದು ವಾಸ್ತವದಲ್ಲಿ ಈ ಎಲ್‌ಪಿಎಸ್‌ನ ಪರಿಣಾಮವಾಗಿರುವ ಸಾಧ್ಯತೆ ನೀವೆಣಿಸಿದ್ದಕ್ಕಿಂತ ಹೆಚ್ಚು.

ಮೊದಲು 37 ಡಿಗ್ರಿಯ ಪಿಬಿಎಸ್‌ನಲ್ಲಿ ಆರು ಬಾರಿ, ಪ್ರತಿ ಬಾರಿಯೂ ಹೊಸ ಬಟ್ಟಲಿಗೆ ಸಾಗಿಸಿ ತೊಳೆಯಿರಿ. ಅದೇ ಬಟ್ಟಲಿನ ದ್ರವವನ್ನು ಚೆಲ್ಲಿ ಮತ್ತೆ ತುಂಬಿದರೆ ಗೋಡೆಗೆ ಅಂಟಿದ ಪಿತ್ತರಸ ಹಾಗೆಯೇ ಉಳಿಯುತ್ತದೆ. ಬಳಿಕ ಪೆನಿಸಿಲಿನ್ ಮಿ.ಲೀ.ಗೆ 100 ಯೂನಿಟ್, ಸ್ಟ್ರೆಪ್ಟೊಮೈಸಿನ್ 100 ಮೈಕ್ರೋಗ್ರಾಂ ಇರುವ ಪಿಬಿಎಸ್‌ನಲ್ಲಿ ಒಂದು ಗಂಟೆ ಬಿಡಿ. ಈ ಒಂದು ಗಂಟೆಯಲ್ಲಿ ಹುಳು ಹೊಟ್ಟೆಯಲ್ಲಿರುವುದನ್ನು ಕಕ್ಕುತ್ತದೆ, ದ್ರವ ಕಂದು-ಕಪ್ಪಾಗುತ್ತದೆ. ಕಪ್ಪಾದದ್ದನ್ನು ಕಂಡು ಗಾಬರಿಯಾಗಬೇಕಾಗಿಲ್ಲ, ಆಗದಿದ್ದರೆ ಅನುಮಾನಿಸಬೇಕು. ಕಕ್ಕಿದ ದ್ರವವನ್ನು ಎಸೆದು ಮತ್ತೆ ಮೂರು ಬಾರಿ ತೊಳೆಯಬೇಕು, ಮೂರನೆಯದರಲ್ಲಿ 2 ಮಿ.ಲೀ. ತೆಗೆದು ಐದನೆಯ ಕಂಟ್ರೋಲ್ ಕೊಳವೆಗೆ ಹಾಕಬೇಕು.

ಈಗ ಹುಳುಗಳನ್ನು ಒಂದೊಂದಾಗಿ ನೋಡಿ. ಅಂಚು ಅಲೆಯಂತೆ ಏಳುಬೀಳುತ್ತಿದ್ದು, ಮುಂದಿನ ಹೀರುಬಟ್ಟಲು ಅಂಟಿಕೊಳ್ಳಲು ಹವಣಿಸುತ್ತಿದ್ದರೆ ಆರೋಗ್ಯವಾಗಿದೆ. ಅಂಚು ಒಳಮುರಿದುಕೊಂಡಿದ್ದರೆ, ಮೈ ಬಿಳಿಚಿ ಮಸುಕಾಗಿದ್ದರೆ, ಲೆನ್ಸ್‌ನಲ್ಲಿ ನೋಡಿದಾಗ ಮೇಲ್ಮೈಯಲ್ಲಿ ಬೊಬ್ಬೆಗಳೆದ್ದಿದ್ದರೆ ತೆಗೆದುಹಾಕಿ. ಒಂದು ಸತ್ತ ಹುಳು ಹತ್ತು ಜೀವಂತ ಹುಳುಗಳ ಫಲಿತಾಂಶವನ್ನು ಮುಚ್ಚಿಹಾಕುತ್ತದೆ, ಏಕೆಂದರೆ ಸಾಯುವ ಜೀವಕೋಶ ಉದುರಿಸುವ ಪೊರೆಯ ಚೂರುಗಳ ಪ್ರಮಾಣಕ್ಕೆ ಬದುಕಿರುವ ಜೀವಕೋಶ ಬಿಡುಗಡೆ ಮಾಡುವ ವೆಸಿಕಲ್‌ಗಳು ಎಂದೂ ಸಾಟಿಯಾಗುವುದಿಲ್ಲ.

ಹಂತ 4: ಮಾಧ್ಯಮದಲ್ಲಿ ಇಡುವುದು

ಸೀರಂ ಇಲ್ಲದ ಆರ್‌ಪಿಎಂಐ 1640ಕ್ಕೆ 0.1 ಶೇಕಡ ಗ್ಲೂಕೋಸ್, ಪಿಎಚ್ ಬದಲಾಗದಂತೆ ಕಾಯುವ 30 ಮಿಲಿಮೋಲಾರ್ ಹೆಪೆಸ್ ಮತ್ತು ಮೇಲಿನ ಪ್ರಮಾಣದಲ್ಲಿಯೇ ಪ್ರತಿಜೈವಿಕಗಳನ್ನು ಸೇರಿಸಿ, ಪಿಎಚ್ 7.3ಕ್ಕೆ ಹೊಂದಿಸಿ ಸೋಸಿಕೊಳ್ಳಿ. ಒಂದು ಹುಳುವಿಗೆ 2 ಮಿ.ಲೀ. ಲೆಕ್ಕದಲ್ಲಿ 20 ಹುಳುವಿಗೆ 40 ಮಿ.ಲೀ. ಸಾಕು. 37 ಡಿಗ್ರಿಯಲ್ಲಿ ಐದು ಗಂಟೆ ಇಡಿ, ರಾತ್ರಿಯಿಡೀ ಅಲ್ಲ. ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ವೆಸಿಕಲ್ ಸಿಗುತ್ತದೆ ಎಂಬ ಆಸೆಯಲ್ಲಿ 24 ಗಂಟೆ ಇಟ್ಟವರಿಗೆ ಸಿಗುವುದು ಬಹುಪಾಲು ಸಾಯುತ್ತಿರುವ ಹುಳುವಿನ ಕಸ.

ಸೀರಂ ಸೇರಿಸಲೇಬಾರದು. ಎಳೆಗರುವಿನ ಸೀರಂನಲ್ಲಿ ದನದ ವೆಸಿಕಲ್‌ಗಳು ಅಪಾರವಾಗಿರುತ್ತವೆ. ಏಕಕೋಶ ಪರೋಪಜೀವಿಯ ಮೇಲೆ ಕೆಲಸ ಮಾಡುವವರಿಗೆ ಸೀರಂ ಪೂರ್ತಿ ಬಿಡಲು ಆಗದಿದ್ದರೆ, ಅದನ್ನು 1,00,000 ಜಿ ವೇಗದಲ್ಲಿ ಸುಮಾರು 18 ಗಂಟೆ ತಿರುಗಿಸಿ ವೆಸಿಕಲ್ ಕಳೆದು ಬಳಸಬೇಕು. ಹಾಗೆ ಮಾಡಿದರೂ ಪೂರ್ತಿ ಹೋಗುವುದಿಲ್ಲವಾದ್ದರಿಂದ ಖಾಲಿ ಮಾಧ್ಯಮದ ಕಂಟ್ರೋಲ್ ಅವರಿಗೆ ಇನ್ನಷ್ಟು ಮುಖ್ಯ.

ಐದು ಗಂಟೆಗಳ ಕೊನೆಯಲ್ಲಿ ತಳದಲ್ಲಿ ಹೊಂಬಣ್ಣದ ಮರಳಿನಂಥ ಪುಡಿ ಕಂಡರೆ ಅವು ಹುಳುವಿನ ಮೊಟ್ಟೆಗಳು. ಕಲ್ಮಶವೆಂದು ತಿಳಿದು ಒಳ್ಳೆಯ ಸಂಗ್ರಹವನ್ನೇ ಚೆಲ್ಲಿದವರಿದ್ದಾರೆ. ಮೊಟ್ಟೆ ಇಡುವುದು ಆರೋಗ್ಯದ ಲಕ್ಷಣ. ಆದರೆ ದ್ರವ ಹಾಲಿನಂತೆ ಕದಡಿದ್ದರೆ ಅಥವಾ ಕೊಳೆತ ವಾಸನೆ ಬಂದರೆ ಬ್ಯಾಕ್ಟೀರಿಯಾ ಬೆಳೆದಿದೆ, ಅಲ್ಲಿಗೇ ನಿಲ್ಲಿಸಿ. ದ್ರವ ಸಂಗ್ರಹಿಸಿದ ಕೂಡಲೇ ಪ್ರೋಟಿಯೇಸ್ ತಡೆಯುವ ಇ-64 ಸೇರಿಸಬೇಕು, ಏಕೆಂದರೆ ಫ್ಲೂಕ್ ಬಿಡುಗಡೆ ಮಾಡುವ ಕ್ಯಾಥೆಪ್ಸಿನ್ ಎಲ್ ಕಿಣ್ವ ಪ್ರೋಟೀನ್‌ಗಳನ್ನು ಒಡೆಯದೆ ಕಾಯುತ್ತ ಕೂರುವುದಿಲ್ಲ.

ಹಂತ 5: ಕಡಿಮೆ ವೇಗದ ಸುತ್ತುಗಳು

ಎಲ್ಲವೂ 4 ಡಿಗ್ರಿಯಲ್ಲಿ, ಈ ಕ್ರಮದಲ್ಲಿಯೇ: 300 ಜಿ ವೇಗದಲ್ಲಿ 10 ನಿಮಿಷ (ಮೊಟ್ಟೆಗಳು ಇಳಿಯುತ್ತವೆ), 2,000 ಜಿ ವೇಗದಲ್ಲಿ 20 ನಿಮಿಷ (ಚೂರುಪಾರು ಇಳಿಯುತ್ತದೆ), 15,000 ಜಿ ವೇಗದಲ್ಲಿ 45 ನಿಮಿಷ (ದೊಡ್ಡ ವೆಸಿಕಲ್‌ಗಳು ಇಳಿಯುತ್ತವೆ). ಪ್ರತಿ ಸಲವೂ ಮೇಲಿನ ದ್ರವವನ್ನು ತಳದಿಂದ ಒಂದು ಸೆಂಟಿಮೀಟರ್ ಬಿಟ್ಟು ಪಿಪೆಟ್‌ನಲ್ಲಿ ತೆಗೆಯಬೇಕು, ಬಗ್ಗಿಸಿ ಸುರಿಯಬಾರದು.

ಕೊನೆಯ ಸುತ್ತಿನಲ್ಲಿ ತಳಕ್ಕಿಳಿದ ಗಡ್ಡೆಯನ್ನು ಎಸೆಯಬೇಡಿ. ಫ್ಯಾಸಿಯೋಲಾ ಹೆಪಾಟಿಕಾ ಹುಳುವಿನಲ್ಲಿ ಎರಡು ಬಗೆಯ ವೆಸಿಕಲ್‌ಗಳಿವೆ ಎಂಬುದನ್ನು 2015ರ ಅಧ್ಯಯನವೊಂದು ತೋರಿಸಿದೆ: 15,000 ಜಿ ವೇಗದಲ್ಲಿ ಇಳಿಯುವ ದೊಡ್ಡವು ಹುಳುವಿನ ಕರುಳಿನ ಒಳಪದರದಿಂದ ಬಂದು ಕ್ಯಾಥೆಪ್ಸಿನ್ ಎಲ್ ಕಿಣ್ವದ ಅಪಕ್ವ ರೂಪವನ್ನು ಹೊತ್ತಿರುತ್ತವೆ, 1,20,000 ಜಿ ವೇಗದಲ್ಲಿ ಇಳಿಯುವ ಚಿಕ್ಕವು ಮೇಲ್ಪೊರೆಯಿಂದ ಬರುತ್ತವೆ. ಎರಡನ್ನೂ ಬೆರೆಸಿ ಒಂದೇ ಕೊಳವೆಯಲ್ಲಿಟ್ಟರೆ ಮುಂದೆ ಕಾಣುವ ಪರಿಣಾಮ ಯಾವುದರದು ಎಂದು ಹೇಳಲಾಗುವುದಿಲ್ಲ.

ಇಲ್ಲಿ ಅತಿ ಹೆಚ್ಚು ಎಡವುವುದು 'ಜಿ' ಮತ್ತು 'ಆರ್‌ಪಿಎಂ' ಎರಡನ್ನೂ ಒಂದೇ ಎಂದು ತಿಳಿಯುವುದರಲ್ಲಿ. ಲೆಕ್ಕ ಹೀಗಿದೆ: ಆರ್‌ಪಿಎಂ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ರೋಟರ್‌ನ ತ್ರಿಜ್ಯವನ್ನು ಸೆಂಟಿಮೀಟರ್‌ನಲ್ಲಿ ತೆಗೆದುಕೊಂಡು ಅದರಿಂದ ಗುಣಿಸಿ, ಬಂದದ್ದನ್ನು 0.00001118ರಿಂದ ಗುಣಿಸಬೇಕು. ತ್ರಿಜ್ಯ 8 ಸೆಂ.ಮೀ. ಇರುವ ರೋಟರ್ 10,000 ಆರ್‌ಪಿಎಂನಲ್ಲಿ ಸುಮಾರು 8,940 ಜಿ ಕೊಡುತ್ತದೆ, 6 ಸೆಂ.ಮೀ. ರೋಟರ್ ಅದೇ ವೇಗದಲ್ಲಿ ಸುಮಾರು 6,710 ಜಿ ಮಾತ್ರ. ನಿಮ್ಮ ಯಂತ್ರದ ತ್ರಿಜ್ಯವನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿಬಿಡಿ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ನಮ್ಮಲ್ಲಿ ಹೊಸತಲ್ಲ. ಸುತ್ತಿನ ನಡುವೆ ಯಂತ್ರ ನಿಂತರೆ 'ಉಳಿದ 15 ನಿಮಿಷ' ಎಂದು ಲೆಕ್ಕ ಹಾಕಿ ಮುಂದುವರಿಸಬಾರದು. ಕೊಳವೆಯನ್ನು ಮೆಲ್ಲಗೆ ತಿರುವಿ ಇಡೀ ಸುತ್ತನ್ನು ಮೊದಲಿನಿಂದ ನಡೆಸಬೇಕು.

ಹಂತ 6: ಚಿಕ್ಕ ವೆಸಿಕಲ್‌ಗಳನ್ನು ಬೇರ್ಪಡಿಸುವುದು

ಅಲ್ಟ್ರಾಸೆಂಟ್ರಿಫ್ಯೂಜ್ ಸಿಕ್ಕರೆ 1,20,000 ಜಿ, 4 ಡಿಗ್ರಿ, ಕನಿಷ್ಠ 70 ನಿಮಿಷ. ತೆಳು ಗೋಡೆಯ ಕೊಳವೆಗಳನ್ನು ಕಂಠದವರೆಗೆ ತುಂಬದಿದ್ದರೆ ಅವು ಕುಸಿಯುತ್ತವೆ. ಗಡ್ಡೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕೊಳವೆಯ ಹೊರಬದಿಗೆ ಮೊದಲೇ ಗುರುತು ಹಾಕಿರಬೇಕು.

ಸಿಗದಿದ್ದರೂ ಚಿಂತೆಯಿಲ್ಲ. ಪ್ರೋಟೀನ್ ಗಂಟುಗಳು ವೆಸಿಕಲ್‌ಗಳ ಜೊತೆ ಇಳಿಯದಿರುವುದರಿಂದ ನಾನು ಕಾಲಂ ಪದ್ಧತಿಯನ್ನೇ ಹೆಚ್ಚು ನಂಬುತ್ತೇನೆ. 40 ಮಿ.ಲೀ. ದ್ರವವನ್ನು 100 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ 0.5 ಮಿ.ಲೀ.ಗೆ ಇಳಿಸಿ, ಎರಡು ಪಟ್ಟು ಪಿಬಿಎಸ್‌ನಿಂದ ತೊಳೆದ 10 ಮಿ.ಲೀ. ಕಾಲಂ ಮೇಲೆ ಹಾಕಿ, 0.5 ಮಿ.ಲೀ. ಹನಿಭಾಗಗಳಾಗಿ ಸಂಗ್ರಹಿಸಿ. ಮೊದಲ ಸುಮಾರು 3 ಮಿ.ಲೀ. ಖಾಲಿ ದ್ರವ, ವೆಸಿಕಲ್‌ಗಳು ಸಾಮಾನ್ಯವಾಗಿ 7ರಿಂದ 10ನೆಯ ಭಾಗದಲ್ಲಿ ಬರುತ್ತವೆ, ಪ್ರೋಟೀನ್‌ಗಳು ಅದರ ನಂತರ. 'ಸಾಮಾನ್ಯವಾಗಿ' ಎಂಬ ಪದವನ್ನು ನಂಬಿ ಕೂರಬೇಡಿ, ನಿಮ್ಮ ಕಾಲಂನಲ್ಲಿ ಪ್ರತಿ ಭಾಗದ ಪ್ರೋಟೀನ್ ಮತ್ತು ಕಣಗಳ ಪ್ರಮಾಣವನ್ನು ಒಮ್ಮೆ ಅಳೆದು ನಿಮ್ಮದೇ ನಕ್ಷೆ ಮಾಡಿಕೊಳ್ಳಿ. ಕಾಲಂ ಕೆಡದಂತೆ ಇಡಲು ಸೋಡಿಯಂ ಅಜೈಡ್ ಬಳಸಿದ್ದರೆ ಅದರ ಉಳಿಕೆ ಜೀವಕೋಶಗಳನ್ನು ಕೊಲ್ಲುತ್ತದೆ. 20 ಶೇಕಡ ಎಥೆನಾಲ್ ಬಳಸಿ, ಬಳಸುವ ಮುನ್ನ ಚೆನ್ನಾಗಿ ತೊಳೆಯಿರಿ.

ಹಂತ 7: ಶೇಖರಣೆ ಮತ್ತು ಸಾಗಣೆ

ಒಂದು ಪ್ರಯೋಗಕ್ಕೆ ಬೇಕಾಗುವಷ್ಟನ್ನೇ ಒಂದೊಂದು ಕೊಳವೆಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. 25 ಮಿಲಿಮೋಲಾರ್ ಟ್ರಿಹಲೋಸ್ ಎಂಬ ಸಕ್ಕರೆ ಸೇರಿಸಿದರೆ ಗಂಟು ಕಟ್ಟುವುದು ಕಡಿಮೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಆ ಫ್ರೀಜರ್ ಇಲ್ಲದಿದ್ದರೆ ಮನೆಯ ಫ್ರಿಜ್‌ನ ಫ್ರೀಜರ್‌ನಲ್ಲಿಡುವ ಬದಲು 4 ಡಿಗ್ರಿಯಲ್ಲಿಟ್ಟು ಅದೇ ದಿನ ಮೈಸೂರಿಗೋ ಮಂಗಳೂರಿಗೋ ತಲುಪಿಸಿ. ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿನ ದಾರಿ 2018ರ ಆಗಸ್ಟ್‌ನ ಕುಸಿತದಲ್ಲಿ ಹೇಗೆ ಮುಚ್ಚಿತ್ತೆಂಬುದು ಇಲ್ಲಿಯವರಿಗೆ ನೆನಪಿರುತ್ತದೆ. ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನಂಬಿ ಮಾದರಿ ಕಳಿಸುವ ದಿನ ಗೊತ್ತು ಮಾಡಬೇಡಿ.

ಹಂತ 8: ಸಿಕ್ಕಿದ್ದು ವೆಸಿಕಲ್ ಹೌದೇ?

ಇಲ್ಲಿ ಒಂದೇ ಸಾಕ್ಷಿ ಸಾಲದು. ಕಣ ಎಣಿಕೆ ಗಾತ್ರವನ್ನು ಹೇಳುತ್ತದೆ, ಅದು ಪೊರೆಯೋ ಪ್ರೋಟೀನ್ ಗಂಟೋ ಹೇಳುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪೊರೆಯನ್ನು ತೋರಿಸುತ್ತದೆ, ಎಷ್ಟಿವೆ ಎಂದು ಹೇಳುವುದಿಲ್ಲ. ಅಂದಹಾಗೆ, ಚಿತ್ರದಲ್ಲಿ ಕಾಣುವ ಬಟ್ಟಲಿನಾಕಾರ ವೆಸಿಕಲ್‌ನ ಗುಣವಲ್ಲ, ಮಾದರಿಯನ್ನು ಒಣಗಿಸಿದ್ದರಿಂದ ಬಂದ ವಿಕಾರ. ನಿಜದಲ್ಲಿ ಅವು ದುಂಡಗೆ ಇರುತ್ತವೆ. ಮೂರನೆಯದಾಗಿ, ಪ್ರೋಟೀನ್ ಪಟ್ಟಿಯಲ್ಲಿ ಆತಿಥೇಯ ಪ್ರಾಣಿಯ ಆಲ್ಬುಮಿನ್ ದಪ್ಪಗೆ ಕಂಡರೆ ಹಂತ 3 ಸೋತಿದೆ ಎಂದೇ ಅರ್ಥ.

ಕಣ ಮತ್ತು ಪ್ರೋಟೀನಿನ ಅನುಪಾತ ಉಪಯುಕ್ತ ಸೂಚಕ. ಜೀವಕೋಶ ಕೃಷಿಯ ವೆಸಿಕಲ್‌ಗಳಿಗೆ 2013ರಲ್ಲಿ ಸೂಚಿಸಿದ ಅಳತೆಯಂತೆ ಒಂದು ಮೈಕ್ರೋಗ್ರಾಂ ಪ್ರೋಟೀನಿಗೆ 3,000 ಕೋಟಿಗಿಂತ ಹೆಚ್ಚು ಕಣಗಳಿದ್ದರೆ ಮಾದರಿ ಶುದ್ಧ, 150 ಕೋಟಿಗಿಂತ ಕಡಿಮೆಯಿದ್ದರೆ ಅಶುದ್ಧ. ಹುಳುವಿನ ಮಾದರಿಗೆ ಇದನ್ನು ತೀರ್ಪು ಎಂದು ಹಿಡಿಯದೆ, ನಿಮ್ಮದೇ ಸಂಗ್ರಹಗಳನ್ನು ಒಂದಕ್ಕೊಂದು ಹೋಲಿಸಲು ಬಳಸಿ. ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಹೊರಡಿಸಿದ 2018 ಮತ್ತು 2023ರ ಮಾರ್ಗಸೂಚಿಗಳೂ ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷಿಗಳನ್ನೇ ಕೇಳುತ್ತವೆ.

ಹಂತ 9: ಜೀವಕೋಶದ ಒಳಗೆ ಹೋಯಿತೇ?

24 ಬಾವಿಗಳ ತಟ್ಟೆಯಲ್ಲಿ ಪ್ರತಿ ಬಾವಿಗೆ ಸುಮಾರು ಎರಡು ಲಕ್ಷ ಮ್ಯಾಕ್ರೋಫೇಜ್ ಜೀವಕೋಶಗಳನ್ನು ಹಿಂದಿನ ದಿನ ಬಿತ್ತಿರಬೇಕು. ಇಲಿಯ ರಾ 264.7 ಜೀವಕೋಶಗಳು ಸುಲಭವಾಗಿ ಸಿಗುತ್ತವೆ. ಆದರೆ ಅವು ಈ ಹುಳುವಿನ ನೈಜ ಆತಿಥೇಯದ್ದಲ್ಲ ಎಂಬುದನ್ನು ಬರೆಯುವಾಗ ಮರೆಯಬಾರದು. ವೆಸಿಕಲ್‌ಗಳಿಗೆ ಪಿಕೆಎಚ್67ನಂಥ ಹೊಳೆಯುವ ಬಣ್ಣ ಹಚ್ಚಿ, ನಾಲ್ಕು ಗಂಟೆ ಜೀವಕೋಶಗಳೊಂದಿಗೆ ಬಿಟ್ಟು, ಮೂರು ಸಲ ತೊಳೆದು ನೋಡಬೇಕು.

ಈ ಬಣ್ಣ ನನ್ನ ಮೂರು ತಿಂಗಳನ್ನು ನುಂಗಿದೆ. ಪ್ರತಿ ಬಾವಿಯೂ ಸೊಗಸಾಗಿ ಹೊಳೆಯುತ್ತಿತ್ತು, ಚಿತ್ರಗಳನ್ನು ಚೌಕಟ್ಟಿಗೆ ಹಾಕುವಷ್ಟು ಚೆನ್ನಾಗಿದ್ದವು. ಕೊನೆಗೊಂದು ದಿನ ವೆಸಿಕಲ್ ಇಲ್ಲದೆ ಬಣ್ಣ ಮಾತ್ರ ಹಾಕಿದ ಬಾವಿಯನ್ನು ನೋಡಿದರೆ ಅದೂ ಅಷ್ಟೇ ಹೊಳೆಯಿತು. ಈ ಬಣ್ಣದ ಅಣುಗಳು ನೀರಿನಲ್ಲಿ ತಾವೇ ಒಂದಕ್ಕೊಂದು ಅಂಟಿಕೊಂಡು ವೆಸಿಕಲ್ ಗಾತ್ರದ ಉಂಡೆಗಳಾಗುತ್ತವೆ, ಮ್ಯಾಕ್ರೋಫೇಜ್ ಅವನ್ನೂ ಅಷ್ಟೇ ಸಂತೋಷದಿಂದ ತಿನ್ನುತ್ತದೆ. ಬಣ್ಣ ಹಚ್ಚಿದ ಮೇಲೆ ಮಾದರಿಯನ್ನು ಮತ್ತೆ ಕಾಲಂ ಮೂಲಕ ಹಾಯಿಸುವುದೂ, ನಾಲ್ಕನೆಯ ಕಂಟ್ರೋಲ್ ಕೊಳವೆಯನ್ನು ಅದೇ ರೀತಿ ಹಾಯಿಸುವುದೂ ಇದಕ್ಕಾಗಿಯೇ.

ಹೊಳಪು ಜೀವಕೋಶದ ಮೇಲೆ ಅಂಟಿದೆಯೋ ಒಳಗೆ ಹೋಗಿದೆಯೋ ತಿಳಿಯಲು ಒಂದು ತಟ್ಟೆಯನ್ನು 4 ಡಿಗ್ರಿಯಲ್ಲಿ, ಇನ್ನೊಂದನ್ನು ಜೀವಕೋಶ ಕಣಗಳನ್ನು ನುಂಗದಂತೆ ತಡೆಯುವ ಸೈಟೊಕಲಾಸಿನ್ ಡಿ ಸೇರಿಸಿ ಇಡಿ. ಎರಡರಲ್ಲೂ ಹೊಳಪು ಇಳಿಯಬೇಕು. ಇಳಿಯದಿದ್ದರೆ ನೀವು ನೋಡುತ್ತಿರುವುದು ಬರಿಯ ಅಂಟು.

ಹಂತ 10: ಜೀವಕೋಶದ ನಡವಳಿಕೆ ಬದಲಾಯಿತೇ?

ಇಲ್ಲಿ ಕ್ರಮವೇ ಎಲ್ಲ. ಮೊದಲು ವೆಸಿಕಲ್ ಹಾಕಿ ಕೆಲವು ಗಂಟೆ ಬಿಟ್ಟು, ಆಮೇಲೆ ಉರಿಯೂತ ಕೆರಳಿಸುವ ಎಲ್‌ಪಿಎಸ್ ಹಾಕಿ, 24 ಗಂಟೆಯ ನಂತರ ಜೀವಕೋಶ ಬಿಡುಗಡೆ ಮಾಡಿದ ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಪ್ರೋಟೀನ್) ಮತ್ತು ಐಎಲ್-10 (ಉರಿಯೂತ ತಗ್ಗಿಸುವ ಪ್ರೋಟೀನ್) ಪ್ರಮಾಣ ಅಳೆಯಿರಿ. ಎರಡನ್ನೂ ಒಟ್ಟಿಗೆ ಹಾಕಿದರೆ ವೆಸಿಕಲ್ ಜೀವಕೋಶವನ್ನು ಬದಲಿಸಿತೋ ಅಥವಾ ಬಾವಿಯಲ್ಲಿಯೇ ಎಲ್‌ಪಿಎಸ್‌ಗೆ ಅಂಟಿ ಅದನ್ನು ತಡೆಯಿತೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಏಕಕೋಶ ಪರೋಪಜೀವಿಯ ಕೆಲಸದಲ್ಲೂ ಇದೇ ಕ್ರಮ: ವೆಸಿಕಲ್ ಮೊದಲು, ತೊಳೆಯುವುದು ನಡುವೆ, ಪರೋಪಜೀವಿ ಕೊನೆಗೆ. ತೊಳೆಯದೆ ಬಿಟ್ಟರೆ ವೆಸಿಕಲ್ ಬದಲಿಸಿದ್ದು ಆತಿಥೇಯ ಜೀವಕೋಶವನ್ನೋ ಪರೋಪಜೀವಿಯನ್ನೋ ಎಂಬುದು ಗೊತ್ತಾಗುವುದಿಲ್ಲ.

ಪ್ರಮಾಣವನ್ನು ಮೈಕ್ರೋಗ್ರಾಂನಲ್ಲಿ ಮಾತ್ರ ಬರೆಯದೆ ಕಣಗಳ ಸಂಖ್ಯೆಯಲ್ಲಿಯೂ, ಎಷ್ಟು ಹುಳುವಿನಿಂದ ಎಷ್ಟು ಗಂಟೆಯಲ್ಲಿ ಬಂದದ್ದೆಂಬ ಲೆಕ್ಕದಲ್ಲಿಯೂ ಬರೆಯಿರಿ. ಕನಿಷ್ಠ ಮೂರು ಪ್ರಮಾಣಗಳನ್ನು ಪರೀಕ್ಷಿಸಿ, ಮತ್ತು ಪ್ರತಿಯೊಂದನ್ನೂ ಬೇರೆ ಬೇರೆ ದಿನ ತಂದ ಹುಳುಗಳ ಸಂಗ್ರಹದಿಂದ ಮೂರು ಬಾರಿ ಮಾಡಿ. ಒಂದೇ ಸಂಗ್ರಹವನ್ನು ಮೂರು ಬಾವಿಗೆ ಹಾಕಿದರೆ ಅದು ಮೂರು ಪ್ರಯೋಗವಲ್ಲ.

ಫಲಿತಾಂಶ ಓದುವಾಗ ಕಂಟ್ರೋಲ್‌ಗಳನ್ನು ಮೊದಲು ನೋಡಬೇಕು. ಖಾಲಿ ಮಾಧ್ಯಮವೇ ಪರಿಣಾಮ ತೋರಿಸಿದರೆ ದೋಷ ನೀರಿನಲ್ಲಿ ಅಥವಾ ಕಾಲಂನಲ್ಲಿದೆ. ವೆಸಿಕಲ್ ತೆಗೆದ ದ್ರವ ಹೆಚ್ಚು ಪರಿಣಾಮ ತೋರಿಸಿದರೆ ಕೆಲಸ ಮಾಡುತ್ತಿರುವುದು ಬಿಡಿ ಪ್ರೋಟೀನ್. ಅದೂ ಒಂದು ಫಲಿತಾಂಶವೇ, ಆದರೆ ನಿಮ್ಮ ಶೀರ್ಷಿಕೆಯದಲ್ಲ. ಟ್ರೈಟಾನ್ ಹಾಕಿದ ಮಾದರಿಯನ್ನು ಜೀವಕೋಶದ ಮೇಲೆ ಹಾಕುವ ಮುನ್ನ ಆ ಟ್ರೈಟಾನನ್ನು ತೆಗೆಯದಿದ್ದರೆ ಜೀವಕೋಶಗಳೇ ಕರಗುತ್ತವೆ, ಆಗ ಟಿಎನ್‌ಎಫ್ ಇಳಿದದ್ದನ್ನು ಕಂಡು ಹಿಗ್ಗಬಾರದು. ಇನ್ನು ಎಲ್‌ಪಿಎಸ್ ಹಾಕದ ಬಾವಿಯಲ್ಲಿ ವೆಸಿಕಲ್ ಒಂದೇ ಟಿಎನ್‌ಎಫ್ ಏರಿಸಿದರೆ, ಅದೇ ಪ್ರಯೋಗವನ್ನು ಎಲ್‌ಪಿಎಸ್‌ಗೆ ಅಂಟಿ ಅದನ್ನು ತಡೆಯುವ ಪಾಲಿಮಿಕ್ಸಿನ್ ಬಿ ಸೇರಿಸಿ ಮತ್ತೊಮ್ಮೆ ಮಾಡಿ, ಮಾದರಿಯನ್ನು ಎಂಡೋಟಾಕ್ಸಿನ್ ಪತ್ತೆಮಾಡುವ ಲಿಮ್ಯುಲಸ್ ಪರೀಕ್ಷೆಗೂ ಕೊಡಿ. ಪಾಲಿಮಿಕ್ಸಿನ್ ಬಿ ಸೇರಿಸಿದಾಗ ಆ ಏರಿಕೆ ಇಲ್ಲವಾದರೆ ಅದು ಬ್ಯಾಕ್ಟೀರಿಯಾದ ಎಲ್‌ಪಿಎಸ್. ಆ ಸಂಗ್ರಹದ ಎಲ್ಲ ಕೊಳವೆಗಳನ್ನೂ ಫ್ರೀಜರ್‌ನಿಂದ ತೆಗೆದು ಬಿಸಾಡಿ, ಹೊಸ ಹುಳುಗಳೊಂದಿಗೆ ಹಂತ 3ರ ಆರು ಬಟ್ಟಲುಗಳಿಂದ ಮತ್ತೆ ಆರಂಭಿಸಿ.